ಎರಡು ಮೀಟರ್ ಟೆಂಟಿನಲ್ಲಿ ಸಟೈವಾ ತಳಿ: ನನ್ನ ಅನುಭವ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡ ಬೆಳೆಸಲು 2018ರ ಅಕ್ಟೋಬರ್ 17ರಿಂದ ಕಾನೂನಿನ ಅನುಮತಿ ಇದೆ. ಬೀಜವನ್ನು ಪರವಾನಗಿ ಇರುವ ಕಡೆಯಿಂದಲೇ ತರಬೇಕು. ಪಕ್ಕದ ಕ್ಯುಬೆಕ್‌ನಲ್ಲಿ ಇಷ್ಟಕ್ಕೂ ಅವಕಾಶವಿಲ್ಲ. ಭಾರತದಲ್ಲಂತೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಪರವಾನಗಿ ಇಲ್ಲದೆ ಒಂದೇ ಗಿಡ ಬೆಳೆಸಿದರೂ ಅಪರಾಧ.

ಸಟೈವಾ, ಅಂದರೆ ಎತ್ತರಕ್ಕೆ ಬೆಳೆಯುವ ಗಾಂಜಾ ಬಗೆಯ ಅಂಶ ಹೆಚ್ಚಿರುವ ತಳಿಯನ್ನು ಮನೆಯೊಳಗೆ ಹಾಕುವಾಗ ನಾನು ಮೊದಲು ಲೆಕ್ಕ ಹಾಕುವುದು ಎತ್ತರವನ್ನು. ಹೂ ಬಿಡಿಸಲೆಂದು ದಿನದ ಬೆಳಕನ್ನು 12 ತಾಸಿಗೆ ಇಳಿಸಿದ ಮೇಲೂ ಈ ಗಿಡ ಎರಡು ಮೂರು ವಾರ ಏರುತ್ತಲೇ ಇರುತ್ತದೆ, ಕೆಲವೊಮ್ಮೆ ಮೂರು ಪಟ್ಟು. ಮನೆಯೊಳಗೆ ದೀಪ ಹಾಕಿ ಗಿಡ ಬೆಳೆಸುವ ನನ್ನ ಟೆಂಟಿನ ಎತ್ತರ 200 ಸೆಂಟಿಮೀಟರ್. ಅದರಲ್ಲಿ ಕುಂಡಕ್ಕೆ 30, ದೀಪ ಮತ್ತು ಅದರ ಸರಪಳಿಗೆ 25, ದೀಪಕ್ಕೂ ತುದಿಗೂ ನಡುವೆ 40 ಕಳೆದರೆ ಗಿಡಕ್ಕೆ ಉಳಿಯುವುದು 105. ಹಾಗಾಗಿ ಗಿಡ 35 ಸೆಂಟಿಮೀಟರ್ ಆಗುತ್ತಲೇ ಬೆಳಕು ಇಳಿಸುತ್ತೇನೆ. ಇನ್ನೊಂದು ವಾರ ಕಾಯೋಣ ಅಂದರೆ ಕುಡಿ ದೀಪಕ್ಕೆ ತಾಗಿ ಬೆಳ್ಳಗೆ ಸುಡುತ್ತದೆ. ಐದನೇ ಗಿಣ್ಣಿನ ಮೇಲೆ ಕುಡಿ ಚಿವುಟಿ, ಕವಲುಗಳನ್ನು ಮೆತ್ತನೆ ತಂತಿಯಿಂದ ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಇನ್ನೂ ಹಿಡಿತಕ್ಕೆ ಬರುತ್ತದೆ. ಕಟ್ಟುವ ಕೆಲಸ ಕಾಂಡ ಹಸಿರಾಗಿರುವಾಗಲೇ ಮುಗಿಯಬೇಕು, ಗಟ್ಟಿಯಾದ ಮೇಲೆ ಬಾಗಿಸಿದರೆ ಲಟಕ್ಕನೆ ಮುರಿಯುತ್ತದೆ.

ಎಲೆಯ ಬೆರಳುಗಳು ಸಪೂರ, ಗಿಣ್ಣುಗಳ ನಡುವೆ ಅಂತರ ಹೆಚ್ಚು. ಹೂಗೊಂಚಲು ಬಿಗಿಯಾಗಿರದೆ ಗಾಳಿಯಾಡುವಂತೆ ಇರುತ್ತದೆ. ಇದು ಬಿಸಿ, ತೇವದ ನಾಡಿನ ಗಿಡದ ಲಕ್ಷಣ. ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಆದರೂ ಟೊರಾಂಟೊದ ಹಿತ್ತಲಲ್ಲಿ ಬೂಷ್ಟಿಗೇ ಸೋಲಬೇಕಾಗುತ್ತದೆ. ಕಾರಣ ಸಮಯ. ಥಾಯ್, ಕೊಲಂಬಿಯಾ ಮೂಲದ ತಳಿಗಳು ಹೂ ಮಾಗಿಸಲು 12 ವಾರಕ್ಕೂ ಹೆಚ್ಚು ಹಿಡಿಯುತ್ತವೆ, ಅಷ್ಟರಲ್ಲಿ ಅಕ್ಟೋಬರಿನ ತಣ್ಣನೆ ಮಳೆ ಬಂದಿರುತ್ತದೆ. ಹೊರಗೆ ಬೆಳೆಸುವುದಾದರೆ ದಕ್ಷಿಣ ಆಫ್ರಿಕಾ ಮೂಲದ ಡರ್ಬನ್ ಪಾಯ್ಸನ್ ಒಳ್ಳೆಯ ಆಯ್ಕೆ, ಒಂಬತ್ತು ವಾರದ ಆಸುಪಾಸಿನಲ್ಲಿ ಮಾಗುತ್ತದೆ.

ಗೊಬ್ಬರ ಕಡಿಮೆಯೇ ಸಾಕು. ಬಾಟಲಿಯ ಮೇಲೆ ಬರೆದುದರ ಅರ್ಧ ಪ್ರಮಾಣದಿಂದ ಶುರು ಮಾಡುತ್ತೇನೆ. ಎಲೆಯ ತುದಿ ಕೊಕ್ಕೆಯಂತೆ ಕೆಳಗೆ ಬಾಗಿ ಬಣ್ಣ ಕಡುಹಸಿರಾದರೆ ಸಾರಜನಕ ಹೆಚ್ಚಾಗಿದೆ ಎಂದರ್ಥ. ಆಗ ಬರೀ ನೀರು ಕೊಡಬೇಕು. ಟೆಂಟಿನ ಬಿಸಿ 30 ಡಿಗ್ರಿ ದಾಟಿದರೆ ಗೊಂಚಲು ಮಾಗುವ ಬದಲು ತುದಿಯಲ್ಲಿ ಮತ್ತೆ ಮತ್ತೆ ಹೊಸ ಹೂ ಬಿಡುತ್ತದೆ, ಕೊಯ್ಲಿನ ದಿನವೇ ಗೊತ್ತಾಗುವುದಿಲ್ಲ.

ಸಟೈವಾ ಅಂದರೆ ಉಲ್ಲಾಸ, ಗಾಂಜಾದ ಇನ್ನೊಂದು ಬಗೆಯಾದ ಇಂಡಿಕಾ ಅಂದರೆ ನಿದ್ದೆ ಎಂಬ ಮಾತನ್ನು ನಾನು ನೆಚ್ಚುವುದಿಲ್ಲ. ಪರಿಣಾಮ ತೀರ್ಮಾನವಾಗುವುದು ಅಮಲು ತರುವ ಟಿಎಚ್‌ಸಿ, ಅಮಲು ತರದ ಸಿಬಿಡಿ ಎಂಬ ರಾಸಾಯನಿಕಗಳು, ಸೇವಿಸಿದ ಪ್ರಮಾಣ ಮತ್ತು ಸೇವಿಸುವವರ ದೇಹಸ್ಥಿತಿಯಿಂದ. ಎಲೆಯ ಆಕಾರದಿಂದ ಅಲ್ಲ. ಟಿಎಚ್‌ಸಿ ಹೆಚ್ಚಿದ್ದರೆ ಯಾವ ತಳಿಯಾದರೂ ಎದೆಬಡಿತ ಏರಿಸಬಹುದು, ದಿಗಿಲು ಹುಟ್ಟಿಸಬಹುದು.

ಸಡಿಲ ಗೊಂಚಲು ಬೇಗ ಒಣಗುತ್ತದೆ. 18 ಡಿಗ್ರಿ, ಶೇ 60 ತೇವದ ಕತ್ತಲೆ ಕೋಣೆಯಲ್ಲಿ ತೂಗುಹಾಕಿ, ಆರನೇ ದಿನದಿಂದಲೇ ಸಣ್ಣ ಕಡ್ಡಿ ಮುರಿದು ನೋಡುತ್ತೇನೆ. ಬಾಗದೆ ಟಕ್ಕೆಂದರೆ ಗಾಜಿನ ಜಾಡಿಗೆ.