ಸೋಲಾರ್ ಹಾಕಿಸ್ತೀರಾ? ಮೊದಲು ಕರೆಂಟ್ ಬಿಲ್ ತೆಗೆಯಿರಿ

'78,000 ಸರ್ಕಾರವೇ ಕೊಡುತ್ತೆ ಸಾರ್, ಬಿಲ್ ಸೊನ್ನೆ ಆಗುತ್ತೆ!' ಸೋಲಾರ್ ಕಂಪನಿಯವರ ಮಾತು ಶುರುವಾಗುವುದೇ ಇಲ್ಲಿಂದ. ಸಬ್ಸಿಡಿಯ ಮಾತು ನಿಜ. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಸೋಲಾರ್ ಪ್ಯಾನಲ್ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಜಾಸ್ತಿ ಹಾಕಿಸಿದರೆ 78,000 ರೂಪಾಯಿ ಸಿಗುತ್ತದೆ. ಆದರೆ ನಿಮ್ಮ ಮನೆಗೆ ಲಾಭ ಇದೆಯಾ ಅನ್ನುವುದನ್ನು ನಿಮ್ಮದೇ ಬಿಲ್ ಹೇಳಬೇಕು.

ಯೂನಿಟ್ ನೋಡಿ, ರೂಪಾಯಿ ಆಮೇಲೆ

ಹಿಂದಿನ 12 ತಿಂಗಳ ಬಿಲ್ ತೆಗೆದು, ಬಳಸಿದ ಯೂನಿಟ್ ಕೂಡಿಸಿ, 12ರಿಂದ ಭಾಗಿಸಿ. ಏಪ್ರಿಲ್-ಮೇ ಬಿಲ್ ಒಂದನ್ನೇ ಹಿಡಿದುಕೊಂಡರೆ ಫ್ಯಾನು, ಎಸಿ ಸೇರಿ ಲೆಕ್ಕ ತಪ್ಪುತ್ತದೆ.

ಈಗ ಗೃಹಜ್ಯೋತಿ, ಅಂದರೆ ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಯೋಜನೆ. ಕರ್ನಾಟಕದಲ್ಲಿ ಈ ಲೆಕ್ಕ ಬಿಟ್ಟು ಸೋಲಾರ್ ಮಾತಾಡುವುದು ಸುಮ್ನೆ. ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಸೋಲಾರ್‌ನಿಂದ ನಿಮ್ಮ ಜೇಬಿಗೆ ಉಳಿಯುವುದು ಏನೂ ಇಲ್ಲ. ಅರ್ಧಂಬರ್ಧ ಲಾಭ ಪಡೆಯುವವರ ಕಥೆಯೂ ನೋಡಿ. 2022-23ರಲ್ಲಿ ನಿಮ್ಮ ಸರಾಸರಿ 120 ಯೂನಿಟ್ ಇತ್ತು ಅಂದುಕೊಳ್ಳಿ. ಯೋಜನೆಯ ನಿಯಮದಂತೆ ಆ ಸರಾಸರಿಗೆ ಶೇ 10 ಸೇರಿಸಿ 132 ಯೂನಿಟ್ ಉಚಿತ. ಈಗ 180 ಸುಡುತ್ತಿದ್ದೀರಿ. ಅಂದರೆ ದುಡ್ಡು ಕೊಡುತ್ತಿರುವುದು 48 ಯೂನಿಟ್‌ಗೆ ಮಾತ್ರ. ಉಳಿತಾಯವೂ ಅಷ್ಟಕ್ಕೇ.

200 ದಾಟಿದವರು ಪೂರ್ತಿ ಬಿಲ್ ಕಟ್ಟುತ್ತಾರೆ. ಸೋಲಾರ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥವರಿಗೆ.

ಎಷ್ಟು ಕಿಲೋವ್ಯಾಟ್?

ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಕರಾವಳಿ, ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಇಷ್ಟು ನಿರೀಕ್ಷಿಸಬೇಡಿ. ಜಾಗ ಕಿಲೋವ್ಯಾಟ್‌ಗೆ 100 ಚದರ ಅಡಿ ಬೇಕು.

ದರ ಎಷ್ಟು ಹಿಡಿಯಬೇಕು? 2025-26ರಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಜೊತೆಗೆ 36 ಪೈಸೆ ಪಿಂಚಣಿ ಸರ್‌ಚಾರ್ಜ್, ಮೇಲೆ ಶೇ 9 ತೆರಿಗೆ ಇತ್ತು. ದರ ಪ್ರತಿ ವರ್ಷ ಬದಲಾಗಬಹುದು, ನಿಮ್ಮ ಬಿಲ್ ನೋಡಿಕೊಳ್ಳಿ. ಇಲ್ಲಿ 6.50 ಇಟ್ಟುಕೊಳ್ಳೋಣ.

ತಿಂಗಳಿಗೆ 300 ಯೂನಿಟ್ ಬಳಸುವ ಮನೆ ತೆಗೆದುಕೊಳ್ಳಿ. 2 ಕಿಲೋವ್ಯಾಟ್‌ಗೆ 1.30 ಲಕ್ಷ ಖರ್ಚು ಅಂತ ಇಟ್ಟುಕೊಂಡರೆ, ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 70,000. ತಿಂಗಳಿಗೆ 240 ಯೂನಿಟ್, ಅಂದರೆ 1,560 ರೂಪಾಯಿ ಉಳಿತಾಯ. ವರ್ಷಕ್ಕೆ 18,720. ನಾಲ್ಕು ವರ್ಷದೊಳಗೆ ಅಸಲು ವಾಪಸ್.

ಅದೇ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ? 1.90 ಲಕ್ಷದಲ್ಲಿ 78,000 ಕಳೆದರೆ 1.12 ಲಕ್ಷ. ಉತ್ಪಾದನೆ 360 ಯೂನಿಟ್, ಆದರೆ ಮನೆಗೆ ಬೇಕಿರುವುದು 300. ಒಟ್ಟು ನೋಡಿದರೆ ಐದು ವರ್ಷದಲ್ಲಿ ಹಣ ಬರುತ್ತದೆ, ಪರವಾಗಿಲ್ಲ ಅನಿಸುತ್ತದೆ. ಆದರೆ ಆ ಮೂರನೇ ಕಿಲೋವ್ಯಾಟನ್ನು ಮಾತ್ರ ಬೇರೆ ಮಾಡಿ ನೋಡಿ. ಅದಕ್ಕೆ ಹಾಕಿದ್ದು 42,000, ಅದು ಉಳಿಸುವುದು 60 ಯೂನಿಟ್, ಅಂದರೆ ವರ್ಷಕ್ಕೆ 4,680 ರೂಪಾಯಿ. ಒಂಬತ್ತು ವರ್ಷ ಬೇಕು! ಮಿಕ್ಕ ಯೂನಿಟ್ ಎಸ್ಕಾಂಗೆ (ಬೆಸ್ಕಾಂ, ಮೆಸ್ಕಾಂನಂಥ ಕರೆಂಟ್ ಕಂಪನಿಗೆ) ಹೋಗುತ್ತದೆ, ಆದರೆ ಅವರು ಕೊಡುವ ದರ ನಾವು ಕಟ್ಟುವುದಕ್ಕಿಂತ ಕಡಿಮೆ. 2013ರಲ್ಲಿ ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ಯೂನಿಟ್‌ಗೆ 9.56 ರೂಪಾಯಿ ನಿಗದಿ ಮಾಡಿದ್ದ ಕಾಲ ಹೋಯಿತು. ಈಗ ಮಾರುವುದಕ್ಕೆ ಅಂತ ಪ್ಯಾನಲ್ ಹಾಕಿಸಬೇಡಿ. ಪೆಟ್ರೋಲ್ ಸ್ಕೂಟರ್ ಬಿಟ್ಟು ಎಲೆಕ್ಟ್ರಿಕ್ ಗಾಡಿ ತರುವ ಯೋಚನೆ ಇದ್ದರೆ ಮಾತು ಬೇರೆ.

ಮೇಲಿನ 48 ಯೂನಿಟ್ ಮನೆಯವರು 2 ಕಿಲೋವ್ಯಾಟ್ ಹಾಕಿಸಿದರೆ? ತಿಂಗಳಿಗೆ 312 ರೂಪಾಯಿ ಉಳಿತಾಯ. 70,000 ವಾಪಸ್ ಬರಲು ಹದಿನೆಂಟು ವರ್ಷಕ್ಕೂ ಜಾಸ್ತಿ.

ತಾರಸಿ ಹತ್ತಿ ನೋಡಿ

ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ತಾರಸಿಗಳಲ್ಲಿ ಒಳ್ಳೆ ಜಾಗವನ್ನು ಸಿಂಟೆಕ್ಸ್ ಟ್ಯಾಂಕೋ, ಸೋಲಾರ್ ವಾಟರ್ ಹೀಟರ್ರೋ ಮೊದಲೇ ಹಿಡಿದಿರುತ್ತದೆ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ನೆರಳು ಎಲ್ಲಿ ಬೀಳುತ್ತದೆ ಅಂತ ಗುರುತು ಮಾಡಿ. ಡಿಸೆಂಬರ್‌ನಲ್ಲಿ ನೋಡಿದರೆ ಇನ್ನೂ ಒಳ್ಳೆಯದು, ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದ ಆಗಿರುತ್ತದೆ. ಪ್ಯಾನಲ್‌ಗಳನ್ನು ವೈರಿನಲ್ಲಿ ಒಂದಕ್ಕೊಂದು ಸರಣಿಯಾಗಿ ಜೋಡಿಸಿರುವುದರಿಂದ ಒಂದರ ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆಗೂ ಪೆಟ್ಟು ಬೀಳಬಹುದು.

ಹಪ್ಪಳ, ಬಟ್ಟೆ ಒಣಗಿಸಲು ಕೆಳಗೆ ಜಾಗ ಬೇಕು ಅಂದರೆ ಎತ್ತರದ ಕಬ್ಬಿಣದ ಸ್ಟ್ರಕ್ಚರ್ ಹಾಕಿಸಬೇಕು. ಅದಕ್ಕೆ ಬೇರೆ ದುಡ್ಡು.

ಕೊಟೇಶನ್‌ನಲ್ಲಿ ಕೇಳಬೇಕಾದ್ದು

ಪ್ಯಾನಲ್ ಭಾರತದಲ್ಲೇ ತಯಾರಾದ ಸೆಲ್‌ನದ್ದಾ? ಅಲ್ಲದಿದ್ದರೆ ಸಬ್ಸಿಡಿ ಇಲ್ಲ. ಬರುವ, ಹೋಗುವ ಕರೆಂಟ್ ಎರಡನ್ನೂ ಅಳೆಯುವ ಮೀಟರ್, ಅರ್ಥಿಂಗ್, ವೈರಿಂಗ್ ಸೇರಿದೆಯಾ? ಪ್ಯಾನಲ್ 25 ವರ್ಷ ಬಾಳುತ್ತದೆ, ಆದರೆ ಅದರ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ನಡುವೆ ಒಮ್ಮೆ ಬದಲಿಸಲು 30,000ವಾದರೂ ತೆಗೆದಿಡಿ. ಸಬ್ಸಿಡಿ ಬರುವುದು ಕೆಲಸ ಮುಗಿದು ಎಸ್ಕಾಂ ತಪಾಸಣೆ ಆದ ಮೇಲೆ, ನಿಮ್ಮ ಬ್ಯಾಂಕ್ ಖಾತೆಗೆ. ಅಲ್ಲಿಯವರೆಗೆ ಆ ಹಣವನ್ನೂ ನೀವೇ ಹೊಂದಿಸಬೇಕು, ಇಲ್ಲವೇ ಸಾಲ ಮಾಡಬೇಕು. ಸಾಲ ಮಾಡಿದರೆ ಬಡ್ಡಿಯನ್ನೂ ಖರ್ಚಿಗೆ ಸೇರಿಸಿ.

ಇನ್ನು 'ಬಿಲ್ ಸೊನ್ನೆ' ಅನ್ನುವ ಮಾತು. ಮಂಜೂರಾದ ಲೋಡ್ (ಎಸ್ಕಾಂ ನಿಮ್ಮ ಮನೆಗೆ ಒಪ್ಪಿರುವ ಕಿಲೋವ್ಯಾಟ್) ಮೇಲೆ ಬೀಳುವ ನಿಗದಿತ ಶುಲ್ಕ ಸೋಲಾರ್ ಹಾಕಿಸಿದರೂ ಹೋಗುವುದಿಲ್ಲ. ಹಾಗೇ ಬ್ಯಾಟರಿ ಇಲ್ಲದ ಸಿಸ್ಟಂ ಕರೆಂಟ್ ಹೋದಾಗ ತಾನೂ ಆಫ್ ಆಗುತ್ತದೆ, ನೆತ್ತಿ ಸುಡುವ ಬಿಸಿಲಿದ್ದರೂ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಈ ಏರ್ಪಾಡು. ಹಾಗಾಗಿ ಮನೆಯಲ್ಲಿರುವ ಯುಪಿಎಸ್ ಮಾರಬೇಡಿ.