ಎರೆಮಣ್ಣಿನಲ್ಲಿ ಸೆಪ್ಟಿಕ್ ಟ್ಯಾಂಕ್: ನನ್ನ ಅನುಭವ
ಕಲಬುರಗಿಯ ಹೊರವಲಯದಲ್ಲಿರುವ ನಮ್ಮ ಮನೆಗೆ ಒಳಚರಂಡಿಯ ಸಂಪರ್ಕ ಇನ್ನೂ ಬಂದಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಎಂಟು ಅಡಿ ಆಳದ ಇಂಗುಗುಂಡಿಗೆ ಹೋಗುತ್ತಿತ್ತು. ಸತತ ಎರಡು ಮಳೆಗಾಲ ಆ ಗುಂಡಿ ತುಂಬಿ, ಶೌಚಾಲಯದ ನೀರು ಇಳಿಯದೆ ನಿಂತಿತು. ಎರಡೂ ಸಲ ಸಕ್ಕಿಂಗ್ ಯಂತ್ರದ ವಾಹನ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದೆ, ಅಂಗಡಿಯಿಂದ ಬ್ಯಾಕ್ಟೀರಿಯಾ ಪುಡಿ ತಂದು ಸುರಿದೆ. ತಿಂಗಳೊಳಗೆ ಮತ್ತೆ ಅದೇ ಸ್ಥಿತಿಯಾಯಿತು.

ಮೂರನೆಯ ಸಲ ಹಣ ಕೊಡುವ ಮೊದಲು, ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಸುತ್ತಿ, ಮುಚ್ಚಳದಿಂದ ಮುಖ ದೂರವಿಟ್ಟು, ಟ್ಯಾಂಕಿನ ತಳದವರೆಗೆ ಇಳಿಸಿ ನೋಡಿದೆ. ಬಟ್ಟೆಗೆ ಅಂಟಿದ ಕೆಸರು ಒಟ್ಟು ಆಳದ ಮೂರನೆಯ ಒಂದು ಭಾಗಕ್ಕಿಂತ ಬಹಳ ಕಡಿಮೆಯಿತ್ತು. ಖಾಲಿ ಮಾಡಿಸಬೇಕಾದಷ್ಟು ಕೆಸರು ಅಲ್ಲಿರಲಿಲ್ಲ, ಅಂದರೆ ದೋಷ ಟ್ಯಾಂಕಿನಲ್ಲಿರಲಿಲ್ಲ.

ಟ್ಯಾಂಕಿನೊಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಡ. ಅವು ನಮ್ಮ ಮಲದೊಂದಿಗೇ ಬರುತ್ತವೆಯಾದ್ದರಿಂದ ಕೊಂಡು ತರುವ ಅಗತ್ಯವೂ ಇಲ್ಲ. ಆದರೆ ಅವು ಅರ್ಧ ಕೆಲಸವನ್ನಷ್ಟೇ ಮುಗಿಸುತ್ತವೆ. ಹೊರಹೋಗುವ ನೀರಿನಲ್ಲಿ ಕೊಳೆಯುವ ಅಂಶವೂ ಅಮೋನಿಯಾವೂ ಉಳಿದಿರುತ್ತವೆ. ಉಳಿದರ್ಧವನ್ನು ಮಣ್ಣಿನಲ್ಲಿರುವ, ಗಾಳಿಯಿಂದ ಬದುಕುವ ಬ್ಯಾಕ್ಟೀರಿಯಾಗಳು ಮಾಡಬೇಕು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ರಂಧ್ರಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಎಂಟು ಅಡಿ ಕೆಳಗೆ ಗಾಳಿ ತಲುಪದೆ, ಗುಂಡಿಯ ಗೋಡೆಗೆ ಕಪ್ಪು ಲೋಳೆ ದಪ್ಪವಾಗಿ ಕಟ್ಟಿ ನೀರನ್ನು ತಡೆದಿತ್ತು. ಬೀದರಿನಲ್ಲಿ, ನೀರು ಬೇಗ ಇಂಗುವ ಜಂಬಿಟ್ಟಿಗೆ ನೆಲದ ಮೇಲಿರುವ ನನ್ನ ಅಕ್ಕನ ಮನೆಯಲ್ಲಿ ಇಂಥದೇ ಗುಂಡಿ ವರ್ಷಗಳಿಂದ ತೊಂದರೆಯಿಲ್ಲದೆ ನಡೆದಿದೆ. ಅಷ್ಟು ಬೇಗ ಇಂಗುವ ನೀರು ಶುದ್ಧವಾಗುವ ಮೊದಲೇ ಬಾವಿ ಸೇರಬಹುದೆಂಬ ಚಿಂತೆ ಮಾತ್ರ ನನಗಿದೆ.

ಹೀಗಾಗಿ ಆಳಕ್ಕೆ ಹೋಗುವುದನ್ನು ಬಿಟ್ಟು, ನೆಲದ ಮೇಲೆಯೇ ಎರಡು ಅಡಿ ದಪ್ಪಕ್ಕೆ ತೊಳೆದ ದಪ್ಪ ಮರಳನ್ನು ಹಾಸಿ, ಅದರ ಮೇಲೆ ಜಲ್ಲಿ, ಜಲ್ಲಿಯ ನಡುವೆ ತೂತು ಕೊರೆದ ಪಿವಿಸಿ ಕೊಳವೆಗಳನ್ನು ಇಟ್ಟು, ತೆಳುವಾಗಿ ಮಣ್ಣು ಮುಚ್ಚಿ ಗರಿಕೆ ಬೆಳೆಸಿದೆ. ಟ್ಯಾಂಕಿನ ನೀರು ಮೊದಲು ಚಿಕ್ಕ ತೊಟ್ಟಿಗೆ ಬಂದು, ಅಲ್ಲಿಂದ ಸಣ್ಣ ಪಂಪಿನ ಮೂಲಕ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಮೇಲೇರುತ್ತದೆ. ಎರಡು ಸರದಿಗಳ ನಡುವಿನ ಬಿಡುವೇ ಇಲ್ಲಿ ಮುಖ್ಯ, ಏಕೆಂದರೆ ನೀರು ಕೆಳಗಿಳಿದಾಗ ಮರಳಿನ ಸಂದುಗಳಿಗೆ ಗಾಳಿ ಮರಳಿ ಬರುತ್ತದೆ. ಕೊಳವೆಗಳನ್ನು ಸಮಮಟ್ಟಕ್ಕೆ ಕೂರಿಸಲು ಗೌಂಡಿಗೆ ಎರಡು ದಿನ ಹಿಡಿಯಿತು. ಆ ಎರಡು ದಿನಗಳನ್ನು ಉಳಿಸಲು ಹೋದರೆ ನೀರೆಲ್ಲ ಒಂದೇ ಮೂಲೆಯಲ್ಲಿ ನಿಲ್ಲುತ್ತದೆ. ಚಾವಣಿಯ ಮಳೆನೀರನ್ನು ಬೇರೆ ಕಡೆಗೆ ತಿರುಗಿಸಿದೆ, ಶೌಚಾಲಯಕ್ಕೆ ಆಸಿಡ್ ಸುರಿಯುವುದನ್ನು ನಿಲ್ಲಿಸಿದೆವು.

ಈ ಕೆಲಸದಲ್ಲಿ ಯಾರನ್ನೂ ಟ್ಯಾಂಕಿನೊಳಗೆ ಇಳಿಸಲಿಲ್ಲ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಎಂಬ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಟ್ಯಾಂಕ್ ಸ್ವಚ್ಛ ಮಾಡಿಸುವುದನ್ನು ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆಯೂ ನಿಷೇಧಿಸಿದೆ.

ಮೊದಲ ಮಳೆಗಾಲ ಮುಗಿದ ಮೇಲೆ ದಿಬ್ಬದ ಒಂದು ಬದಿಯನ್ನು ಮೊಳದುದ್ದ ಅಗೆದು ನೋಡಿದೆ. ಮರಳು ಒದ್ದೆಯಾಗಿತ್ತು, ಕಂದು ಬಣ್ಣದಲ್ಲಿಯೇ ಇತ್ತು, ಕೊಳೆತ ಮೊಟ್ಟೆಯ ವಾಸನೆ ಬರಲಿಲ್ಲ.