ಲಿವರ್ ಅಲ್ಟ್ರಾಸೌಂಡ್ ರಿಪೋರ್ಟಲ್ಲಿ ‘ಗ್ರೇಡ್ 1 ಫ್ಯಾಟಿ’ ಅಂತ ಸುಮ್ನೆ ಬರೆಯೋದು ಬಿಟ್ಟ ಮೇಲೆ: ರಾಯಚೂರಿನಿಂದ ನನ್ನ ಅನುಭವ

ಸಿಂಧನೂರಿನ ರೈಸ್ ಮಿಲ್ ಸಾಹುಕಾರರೊಬ್ಬರು ಅಲ್ಟ್ರಾಸೌಂಡಿನ ಎರಡು ರಿಪೋರ್ಟ್ ತಂದು ನನ್ನ ಟೇಬಲ್ ಮೇಲಿಟ್ಟರು. ಲಿವರಿನಲ್ಲಿ ಕೊಬ್ಬು ಗ್ರೇಡ್ 2, ಅಂದರೆ ಮಧ್ಯಮ, ಅಂತ ನಾನು ಅಂದಿದ್ದೆ, ವಾರದ ನಂತರ ಇನ್ನೊಂದು ಸೆಂಟರಿನವರು ನಾರ್ಮಲ್ ಅಂದಿದ್ದರು. “ಡಾಕ್ಟ್ರೇ, ಒಂದ್ ವಾರದಾಗ ಕೊಬ್ಬು ಕರಗತೈತೇನ್ರಿ?” ಅಂತ ಕೇಳಿದರು. ಅವತ್ತು ರಾತ್ರಿ ನನ್ನ ಇಮೇಜ್ ತೆಗೆದು ನೋಡಿದೆ. ಗೇನ್ (ಇಮೇಜಿನ ಹೊಳಪು ಏರಿಸೋ ಗುಂಡಿ) ಎಷ್ಟು ಏರಿಸಿದ್ದೆ ಅಂದರೆ ಕಪ್ಪಗೆ ಕಾಣಬೇಕಾದ ಗಾಲ್ ಬ್ಲಾಡರಿನ (ಪಿತ್ತಕೋಶ) ಒಳಗೂ ಬೂದಿ ಬಣ್ಣ. ತಪ್ಪು ನನ್ನದೇ.

ಆಮೇಲೆ ಲಿವರಿನ ಹೊಳಪು, ಆಳಕ್ಕೆ ಹೋದಂತೆ ಶಬ್ದದ ಬೀಮ್ ಮಂಕಾಗೋದು, ಒಳಗಿನ ಕಣಗಳ ಹದ, ಮೇಲ್ಮೈ, ಈ ನಾಲ್ಕನ್ನೂ ಬೇರೆ ಬೇರೆ ಬರೆಯೋಕೆ ಶುರು ಮಾಡಿದೆ. ಗೆಳೆಯರು “ದಿನಕ್ಕೆ ನಲವತ್ತು ಕೇಸ್ ಇರುವಾಗ ಇದೆಲ್ಲ ಆಗೋ ಮಾತಾ?” ಅಂದರು. ಆಗುತ್ತೆ. ಒಂದು ಕೇಸಿಗೆ ಎರಡು ನಿಮಿಷ ಜಾಸ್ತಿ, ಅಷ್ಟೇ.

ಟಿಜಿಸಿ ಪಟ್ಟಿಗಳು (ಆಳಕ್ಕೆ ತಕ್ಕಂತೆ ಹೊಳಪು ಹೊಂದಿಸೋ ಗುಂಡಿಗಳು) ನೇರ, ಡೈನಾಮಿಕ್ ರೇಂಜ್ (ಕಪ್ಪು-ಬಿಳುಪಿನ ನಡುವಿನ ಛಾಯೆಗಳ ಸೆಟ್ಟಿಂಗ್) ಮುಟ್ಟೋ ಹಾಗಿಲ್ಲ, ಗಾಲ್ ಬ್ಲಾಡರ್ ಕಪ್ಪಾಗುವಷ್ಟೇ ಗೇನ್. ಕೊಬ್ಬಿನ ಲಿವರ್ ಕಿಡ್ನಿಗಿಂತ ಹೆಚ್ಚು ಹೊಳೆಯುತ್ತೆ, ಹಾಗಾಗಿ ಹೋಲಿಸೋಕೆ ಲಿವರ್ ಮತ್ತು ಬಲ ಕಿಡ್ನಿಯ ಕಾರ್ಟೆಕ್ಸ್ (ಹೊರಪದರ) ಒಂದೇ ಫ್ರೇಮಿನಲ್ಲಿ, ಒಂದೇ ಆಳದಲ್ಲಿ ಇರಬೇಕು. ಪೋರ್ಟಲ್ ವೇನಿನ (ಕರುಳಿಂದ ಲಿವರಿಗೆ ರಕ್ತ ತರೋ ನಾಳ) ಗೋಡೆ ಕಾಣುತ್ತಾ, ಲಿವರಿನ ಹಿಂದಿರೋ ಡಯಾಫ್ರಂ (ವಪೆ) ಎಲ್ಲಿ ಮಾಯವಾಗುತ್ತೆ ಅನ್ನೋದನ್ನೂ ರಿಪೋರ್ಟಿನಲ್ಲಿ ಹಾಕುತ್ತೇನೆ. ದಪ್ಪ ಹೊಟ್ಟೆಯವರಲ್ಲಿ ಈ ಫ್ರೇಮ್ ಸಿಗೋಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಇದರಲ್ಲೂ ಒಮ್ಮೆ ಚೆನ್ನಾಗಿ ಎಡವಿದೆ. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು, ಕಿಡ್ನಿ ಮೊದಲೇ ಕೆಟ್ಟಿತ್ತು. ಕೆಟ್ಟ ಕಿಡ್ನಿಯ ಕಾರ್ಟೆಕ್ಸ್ ತಾನೇ ಹೊಳೆಯುತ್ತೆ, ಅದರ ಪಕ್ಕ ಕೊಬ್ಬಿನ ಲಿವರ್ ಕೂಡ ಸಾಧಾರಣವಾಗೇ ಕಾಣುತ್ತೆ. ನಾರ್ಮಲ್ ಅಂತ ಬರೆದು ಕಳಿಸಿಬಿಟ್ಟೆ, ಸಿಟಿ ಸ್ಕ್ಯಾನಿನಲ್ಲಿ ಕೊಬ್ಬು ಎದ್ದು ಕಂಡಿತು. ಈಗ ಮೊದಲು ಎಡಗಡೆ ಹೋಗಿ ಕಿಡ್ನಿಯನ್ನು ಸ್ಪ್ಲೀನ್ (ಗುಲ್ಮ) ಜೊತೆ ಹೋಲಿಸಿ ನೋಡುತ್ತೇನೆ, ಕಿಡ್ನಿ ನಂಬಬಹುದು ಅನ್ನಿಸಿದ ಮೇಲೇ ಲಿವರ್.

ಲಿವರಿನ ಮೇಲ್ಮೈ ನೋಡೋಕೆ ಲೀನಿಯರ್ ಪ್ರೋಬ್, ಅಂದರೆ ಚರ್ಮಕ್ಕೆ ಹತ್ತಿರ ಇರೋದನ್ನು ಸ್ಪಷ್ಟವಾಗಿ ತೋರಿಸೋದು. ಸೆಕೆಂಡ್ ಹ್ಯಾಂಡ್ ತಗೊಂಡೆ, ಸುಮಾರು ಒಂದೂವರೆ ಲಕ್ಷ. ಮೂರೇ ತಿಂಗಳಿಗೆ ಕೈಜಾರಿ ಬಿತ್ತು, ಕ್ರಿಸ್ಟಲ್ ಹೋಯಿತು, ಇನ್ನೊಂದು ಎಪ್ಪತ್ತು ಸಾವಿರ. ಆಮೇಲೆ ಎಲಾಸ್ಟೋಗ್ರಫಿ (ಲಿವರ್ ಎಷ್ಟು ಗಟ್ಟಿ ಅಂತ ಅಳೆಯೋದು) ಬೇಕು ಅಂತ ಹಳೇ ಮಷೀನ್ ಕೊಟ್ಟು ಹೊಸದು ತಂದೆ. ಮೇಲೆ ಇಪ್ಪತ್ತೆರಡು ಲಕ್ಷದ ಆಸುಪಾಸು ಸಾಲ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿಯಲ್ಲಿ ಹೊಸ ಮಷೀನ್ ಸೇರೋವರೆಗೆ ಅದನ್ನು ಮುಟ್ಟೋ ಹಾಗಿಲ್ಲ, ಕಂತು ಮಾತ್ರ ಕಟ್ಟಬೇಕು. ಮನೆಯಲ್ಲಿ ಮಾತು ಕೇಳಬೇಕಾಯಿತು.

ಮಷೀನ್ ಶುರುವಾದ ಮೇಲೂ ಒಬ್ಬರಿಗೇ ಗಟ್ಟಿತನ ಒಮ್ಮೆ 6, ಒಮ್ಮೆ 11 ಕಿಲೋಪಾಸ್ಕಲ್. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಕಾಂಪೌಂಡರ್ ಹೇಳಿದ, “ಸರ್, ಅವರು ಎದುರಿನ ಹೋಟೆಲಲ್ಲಿ ಒಗ್ಗರಣಿ ಮಿರ್ಚಿ ತಿಂದು ಬಂದಾರ್ರಿ.” ಊಟವಾದರೆ ಪೋರ್ಟಲ್ ವೇನಿನಲ್ಲಿ ರಕ್ತ ಏರುತ್ತೆ, ಲಿವರ್ ಗಟ್ಟಿ ಅಂತ ತೋರಿಸುತ್ತೆ. ಅವತ್ತಿನಿಂದ ಕನಿಷ್ಠ ನಾಲ್ಕು ಗಂಟೆ ಖಾಲಿ ಹೊಟ್ಟೆ. ಪಕ್ಕೆಲುಬಿನ ಸಂದಿಯಿಂದ, ಕ್ಯಾಪ್ಸೂಲಿಗಿಂತ (ಲಿವರಿನ ಹೊರ ಪೊರೆ) ಒಂದೂವರೆಯಿಂದ ಎರಡು ಸೆಂಟಿಮೀಟರ್ ಕೆಳಗೆ, ಹತ್ತು ರೀಡಿಂಗ್. ದೀರ್ಘ ಉಸಿರು ಎಳೆಸಬೇಡಿ, ಇದ್ದಲ್ಲೇ ಹಿಡಿಸಿ. ಐಕ್ಯೂಆರ್ (ರೀಡಿಂಗುಗಳು ಎಷ್ಟು ಹರಡಿವೆ ಅನ್ನೋ ಅಳತೆ) ಮೀಡಿಯನ್ನಿನ, ಅಂದರೆ ನಡುವಿನ ರೀಡಿಂಗಿನ, ಶೇ 30 ದಾಟಿದರೆ ಮತ್ತೆ ಮಾಡುತ್ತೇನೆ, ಆಗಲೂ ದಾಟಿದರೆ ನಂಬರ್ ಕೊಡಲ್ಲ. ಕಾಮಾಲೆ ಜೋರಿದ್ದಾಗ, ಹಾರ್ಟ್ ಫೇಲ್ ಆದಾಗ ಫೈಬ್ರೋಸಿಸ್ (ಲಿವರ್ ನಾರುಗಟ್ಟೋದು) ಇಲ್ಲದೇನೂ ನಂಬರ್ ಏರುತ್ತೆ, ಅದನ್ನೂ ಒಂದು ಸಾಲು ಬರೆಯುತ್ತೇನೆ.

ಟೀಕೆ ಮಾಡಿದವರ ಬಾಯಿ ಮುಚ್ಚಿಸಿದ ಕೇಸ್ ಮಾನ್ವಿ ಕಡೆಯವರದು. ಹೊಳಪು ಕಿಡ್ನಿಗೆ ಸಮ, ಹಿಂದಿನ ಎರಡು ರಿಪೋರ್ಟೂ ನಾರ್ಮಲ್. ಲೀನಿಯರ್ ಇಟ್ಟೆ. ಕ್ಯಾಪ್ಸೂಲಿನ ಬಿಳಿ ಗೆರೆ ನೆಟ್ಟಗಿಲ್ಲ, ಒಂದು ಕಡೆ ಉಬ್ಬು, ಮುಂದೆ ತಗ್ಗು, ನಡುನಡುವೆ ಗೆರೆಯೇ ಕಡಿದ ಹಾಗೆ. ಗಟ್ಟಿತನ ಸುಮಾರು 19 ಕಿಲೋಪಾಸ್ಕಲ್, ತುಂಬಾ ಜಾಸ್ತಿ. ಸಿರೋಸಿಸ್ (ಲಿವರ್ ಪೂರ್ತಿ ನಾರುಗಟ್ಟಿ ಗಂಟುಗಂಟಾಗೋದು) ಆಗುತ್ತಾ ಹೋದರೆ ಎಷ್ಟೋ ಸಲ ಕೊಬ್ಬು ಕರಗಿ ಹೊಳಪೂ ಇಳಿಯುತ್ತೆ, ಬರೀ ಹೊಳಪು ನೋಡಿದವರಿಗೆ ಈ ಲಿವರ್ ಚೆನ್ನಾಗೇ ಕಾಣುತ್ತೆ! ಕಳಿಸಿದ ಫಿಜಿಷಿಯನ್ ಒಪ್ಪಲಿಲ್ಲ, ನಾನೂ ರಿಪೋರ್ಟ್ ಬದಲಿಸಲಿಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷದ ಹತ್ತಿರಕ್ಕೆ ಇಳಿದಿತ್ತು, ಎಂಡೋಸ್ಕೋಪಿಯಲ್ಲಿ ವೆರಿಸಸ್ (ಸಿರೋಸಿಸ್‌ನಲ್ಲಿ ಅನ್ನನಾಳದಲ್ಲಿ ಉಬ್ಬೋ ರಕ್ತನಾಳ) ಸಿಕ್ಕವು. ಈಗ ಅದೇ ಫಿಜಿಷಿಯನ್ “ಇವರ ಕಡೆನೇ ಮಾಡಿಸಿ” ಅಂತ ಚೀಟಿ ಬರೆದು ಕಳಿಸುತ್ತಾರೆ.

ನಡುವೆ ಒಂದು ಪ್ರಯೋಗ. ಮಷೀನ್ ದಿನದಿಂದ ದಿನಕ್ಕೆ ಒಂದೇ ಥರ ತೋರಿಸುತ್ತಾ ಅಂತ ನೋಡೋಕೆ ಮಟನ್ ಅಂಗಡಿಯಿಂದ ಕುರಿ ಲಿವರ್ ತಂದು ನೀರಲ್ಲಿಟ್ಟೆ. ರಕ್ತನಾಳದ ತುಂಬಾ ಗಾಳಿ ಗುಳ್ಳೆ, ಏನೂ ಕಾಣಲಿಲ್ಲ. ಆಮೇಲೆ ಜೆಲಟಿನ್ ಕುದಿಸಿ ಇಸಬಗೋಲ್ ಕಲಸಿ ಡಬ್ಬಿಯಲ್ಲಿ ಗಟ್ಟಿ ಮಾಡಿದೆ, ಇಮೇಜಿನಲ್ಲಿ ಥೇಟ್ ಲಿವರಿನಂಥದೇ ಕಣಗಳ ಹದ ಬಂತು. ಖರ್ಚು ಇನ್ನೂರು ರೂಪಾಯಿ. ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಕರಗಿ ನೀರಾಗುತ್ತೆ, ಹಾಗಾಗಿ ಫ್ರಿಜ್‌ನಲ್ಲಿಟ್ಟು ಸೋಮವಾರ ಬೆಳಿಗ್ಗೆ ಮೊದಲ ಪೇಶೆಂಟ್ ಬರೋ ಮುಂಚೆ ಅದಕ್ಕೇ ಮೊದಲ ಸ್ಕ್ಯಾನ್. ಎಷ್ಟಕ್ಕೆಷ್ಟು ಕಲಸಬೇಕು ಅನ್ನೋದನ್ನ ನೀವೇ ಮಾಡಿ ನೋಡಿ, ನನಗೆ ಐದು ಡಬ್ಬಿ ಹಾಳಾದವು.